ಹಗುರ ರಥ, ಚುರುಕು ಕಣ್ಣು

ಶಾಲೆಯ ಮಕ್ಕಳ ವಹಿಯಲ್ಲಿ ಮೊದಲ ಪುಟಗಳು ಗುರುಗಳಿಗಾಗಿ ಇರುತ್ತವೆ. ಕೊನೆಯ ಪುಟಗಳು ಮಕ್ಕಳಿಗಾಗಿಯೇ ಇರುತ್ತವೆ. ಮೊದಲ ಪುಟಗಳಲ್ಲಿ ಮಗು ಏನು ಕಲಿತಿದೆ ಎಂಬುದು ತಿಳಿಯುತ್ತದೆ. ಕೊನೆಯ ಪುಟಗಳಲ್ಲಿ ಮಗು ಏನಾಗಬಯಸುತ್ತದೆ ಎಂಬುದು ತಿಳಿಯುತ್ತದೆ. ಆದುದರಿಂದ ವಹಿ ತಪಾಸಣೆಗೆ ಕುಳಿತಾಗ ನಾವು ಕೊನೆಯ ಪುಟಗಳನ್ನೂ ಒಮ್ಮೆ ತಿರುವಿ ನೋಡುವ ರೂಢಿಯನ್ನು ಇಟ್ಟುಕೊಂಡಿದ್ದೇವೆ.

ಈ ಮಾತು ಈ ತಿಂಗಳು ನೆನಪಾಗಲು ಒಂದು ಕಾರಣವುಂಟು. ಇಚಲಕರಂಜಿಯಿಂದ ಓದುಗ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿರುವ ಅವರ ಮಗನು ವಹಿಯ ಕೊನೆಯ ಹತ್ತು ಪುಟಗಳಲ್ಲಿ ಒಂದೇ ಯಂತ್ರವನ್ನು ಹತ್ತು ಬಗೆಯಾಗಿ ಬರೆದಿದ್ದಾನಂತೆ. ಅದೊಂದು ಚಿಕ್ಕ ಟ್ಯಾಂಕು. ಅದರ ಕಥೆ ನಡೆಯುವುದು ಇಪ್ಪತ್ತೈದನೆಯ ಶತಮಾನದಲ್ಲಿ, ಬೇರೊಂದು ಗ್ರಹದ ಮೇಲೆ. ದೊಡ್ಡ ಸೈನ್ಯಕ್ಕಿಂತ ಮುಂದೆ ಅದು ಒಂಟಿಯಾಗಿ ಹೋಗುತ್ತದೆ. ತಲೆಯ ಮೇಲಿನ ದುಂಡನೆಯ ಕಣ್ಣಿನಿಂದ ವೈರಿಯ ನೆಲೆಯನ್ನು ಕಂಡು ಹಿಂದಿರುಗಿ ಬಂದು ಹೇಳುತ್ತದೆ. ತಾಯಿಯ ಪ್ರಶ್ನೆಗಳು ಎರಡು. ಅಭ್ಯಾಸದ ವೇಳೆಯಲ್ಲಿ ಇಂಥ ಕಲ್ಪನೆಯಲ್ಲಿ ಮುಳುಗುವುದು ಕಾಲಹರಣವಲ್ಲವೇ? ಕೊಲ್ಲುವ ಯಂತ್ರದ ಮೇಲೆ ಎಳೆಯ ಮನಸ್ಸಿಗೆ ಇಷ್ಟೊಂದು ಪ್ರೀತಿ ಹುಟ್ಟುವುದು ಒಳಿತೇ? ಕಡೆಯಲ್ಲಿ ಅವರು ಒಂದು ಮಾತನ್ನು ಸೇರಿಸಿದ್ದಾರೆ: "ನಮ್ಮ ಮೈದುನರು ಫೌಜಿನಲ್ಲಿದ್ದಾರೆ. ಅವರು ಸೂಟಿ ಮುಗಿಸಿ ಹೊರಟ ದಿನ ನಮ್ಮ ಅತ್ತೆಯವರು ಊಟಕ್ಕೆ ಏಳುವುದಿಲ್ಲ. ಅದನ್ನು ನೋಡಿದ ಕಣ್ಣಿನಿಂದಲೇ ಮಗನ ಚಿತ್ರವನ್ನೂ ನೋಡುತ್ತೇನೆ, ಗುರುಗಳೇ."

ಕೊಲ್ಲಾಪುರ ಜಿಲ್ಲೆಯ ಊರುಗಳಲ್ಲಿ ಫೌಜಿಗೆ ಮಗನನ್ನು ಕಳುಹಿದ ಮನೆಗಳು ಬಹಳ. ಆದುದರಿಂದ ಇದು ಒಬ್ಬ ತಾಯಿಯ ಪ್ರಶ್ನೆ ಮಾತ್ರವಲ್ಲವೆಂದು ತಿಳಿದು ಈ ಅಂಕಣದಲ್ಲಿಯೇ ಉತ್ತರಿಸಲು ಯತ್ನಿಸುತ್ತೇವೆ.

ಮೊದಲು ಕಾಲಹರಣದ ಮಾತು. ಟ್ಯಾಂಕು ಎಂಬ ಯಂತ್ರವು ರಣಭೂಮಿಗೆ ಬರುವ ಮೊದಲು ಕಥೆಯ ಪುಟದಲ್ಲಿಯೇ ಬಂದಿತ್ತೆಂಬುದನ್ನು ಎಷ್ಟು ಜನ ಬಲ್ಲರು? ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1903ರ ಡಿಸೆಂಬರಿನಲ್ಲಿ 'ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ 'ದಿ ಲ್ಯಾಂಡ್ ಐರನ್‌ಕ್ಲ್ಯಾಡ್ಸ್' ಎಂಬ ಕಥೆಯನ್ನು ಪ್ರಕಟಿಸಿದನು. ಎರಡು ಸೈನ್ಯಗಳು ಕಂದಕಗಳಲ್ಲಿ ಎದುರುಬದುರಾಗಿ ಕುಳಿತು, ಯಾರೂ ಮುಂದೆ ಸಾಗಲಾರದ ಸ್ಥಿತಿ. ಆಗ ಒಂದು ಪಕ್ಷದವರು ಎಂಬತ್ತರಿಂದ ನೂರು ಅಡಿ ಉದ್ದದ ಉಕ್ಕಿನ ಯಂತ್ರಗಳನ್ನು ನೆಲದ ಮೇಲೆ ನಡೆಸಿಕೊಂಡು ಬರುತ್ತಾರೆ. ಅವುಗಳ ಗಾಲಿಯ ಸುತ್ತ ಪಾದಗಳಿವೆ. ಕಂದಕಗಳನ್ನು ದಾಟಿ ಹೋಗುತ್ತವೆ. ಇದನ್ನು ಬರೆದು ಹದಿಮೂರು ವರ್ಷ ತುಂಬುವ ಮೊದಲೇ, 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ಕದನದಲ್ಲಿ ನಿಜವಾದ ಟ್ಯಾಂಕುಗಳು ಕಂದಕಗಳ ಮೇಲೆ ಹರಿದವು. ಗುಟ್ಟು ಹೊರಬೀಳದಿರಲೆಂದು, ಇವು ನೀರಿನ ತೊಟ್ಟಿಗಳೆಂಬ ಸುಳ್ಳು ಹೆಸರನ್ನು ಇಂಗ್ಲಿಷರು ಇಟ್ಟರು. ಆ ಸುಳ್ಳು ಹೆಸರೇ ಲೋಕದಲ್ಲಿ ನಿಂತಿತು.

ಆ ಮೊದಲ ಟ್ಯಾಂಕುಗಳು ಮನುಷ್ಯನು ನಡೆಯುವ ವೇಗದಲ್ಲಿ ತೆವಳುತ್ತಿದ್ದವು. ಕುದುರೆ ಸವಾರರ ಚುರುಕು ಅವಕ್ಕೆ ಇರಲಿಲ್ಲ. ಆದುದರಿಂದ 1918ರಲ್ಲಿ 'ವಿಪೆಟ್' ಎಂಬ ಹಗುರ ಟ್ಯಾಂಕು ಬಂದಿತು. ತೂಕ ಸುಮಾರು 14 ಟನ್, ವೇಗ ಗಂಟೆಗೆ ಸುಮಾರು 13 ಕಿಲೋಮೀಟರ್. ಕುದುರೆಯ ಕೆಲಸವನ್ನು ಉಕ್ಕಿಗೆ ವಹಿಸುವ ಪ್ರಯತ್ನವದು. ಅಂದಿನಿಂದ ಟ್ಯಾಂಕುಗಳಲ್ಲಿ ಎರಡು ಕುಲಗಳಾದವು. ಭಾರವಾದುದು ಸೈನ್ಯದ ಮುಷ್ಟಿ; ಹಗುರವಾದುದು ಸೈನ್ಯದ ಕಣ್ಣು. ಮೊದಲನೆಯದು ಹೊಡೆಯಲು, ಎರಡನೆಯದು ಬೇಹು ನೋಡಲು.

ಬೇಹು ಎಂಬುದು ನಮ್ಮ ಸೀಮೆಗೆ ಹೊಸದಲ್ಲ. ಶಿವಾಜಿ ಮಹಾರಾಜರ ಕಾಲದ ಬಹಿರ್ಜಿ ನಾಯಕನ ಹೆಸರು ಇಲ್ಲಿಯ ಮಕ್ಕಳ ಬಾಯಲ್ಲಿದೆ. ಗಡಹಿಂಗ್ಲಜ ತಾಲೂಕಿನ ನೇಸರಿಯನ್ನು ಬಲ್ಲವರು, 1674ರ ಫೆಬ್ರವರಿಯಲ್ಲಿ ಸೇನಾಪತಿ ಪ್ರತಾಪರಾವ ಗುಜ್ಜರನು ಆರೇ ಜನ ಸಂಗಡಿಗರೊಡನೆ ಬಹಲೋಲಖಾನನ ದಂಡಿನ ಮೇಲೆ ಏರಿಹೋಗಿ ಮಡಿದ ಕಥೆಯನ್ನೂ ಬಲ್ಲರು. ಆ ಏಳು ವೀರರ ಸ್ಮಾರಕದ ಮುಂದೆ ತಲೆ ತಾನೇ ಬಾಗುತ್ತದೆ. ಆದರೆ ಏರಿಹೋಗುವ ವೀರನನ್ನು ಹಾಡುವ ನಾವು, ನೋಡಿ ಹಿಂದಿರುಗಿ ಬಂದು ನಿಜವನ್ನು ಅರುಹುವ ಬೇಹಿನವನನ್ನು ಹಾಡುವುದು ಕಡಿಮೆ. ಆತನ ಶೌರ್ಯ ಬೇರೊಂದು ಬಗೆಯದು. ಹೊಡೆಯಲು ಅವಕಾಶವಿದ್ದರೂ ಹೊಡೆಯದೆ, ಕಂಡುದನ್ನು ಹೆಚ್ಚಿಸದೆ ಕುಗ್ಗಿಸದೆ ತಂದು ಒಪ್ಪಿಸುವುದೇ ಆತನ ಧರ್ಮ.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನು ಅಮೆರಿಕದ ಇತಿಹಾಸ ಕೊಡುತ್ತದೆ. ಅಲ್ಲಿಯ ಅಂತರ್ಯುದ್ಧದಲ್ಲಿ ಸ್ಟೂಅರ್ಟ್ ಎಂಬ ಅಶ್ವದಳದ ನಾಯಕನಿದ್ದನು. 1863ರಲ್ಲಿ ಗೆಟಿಸ್‌ಬರ್ಗ್ ಕದನಕ್ಕೆ ಮುಂಚಿನ ದಿನಗಳಲ್ಲಿ ಆತನು ತನ್ನ ದಳದೊಡನೆ ದೂರದ ಸವಾರಿ ಹೋಗಿದ್ದುದರಿಂದ ಸೇನಾಪತಿ ಲೀಗೆ ವೈರಿಯ ಚಲನವಲನ ತಿಳಿಯದೆ ಹೋಯಿತು. ಕಣ್ಣು ಬೇರೆಡೆಗೆ ಹೋದ ದೇಹ ಎಡವಿತು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹಗುರ ಟ್ಯಾಂಕಿಗೆ ಇಂಗ್ಲಿಷರು ಇಟ್ಟ ಹೆಸರು ಇದೇ ಸ್ಟೂಅರ್ಟನದು.

ಈ ಸ್ಟೂಅರ್ಟ್ ಟ್ಯಾಂಕಿಗೂ ನಮ್ಮ ನಾಡಿಗೂ ಒಂದು ಸಂಬಂಧವುಂಟು. ಅದನ್ನು ಗಡಿಯಾಚೆಯ ಕನ್ನಡ ಮಕ್ಕಳು ಅವಶ್ಯ ಅರಿಯಬೇಕು. 1948ರಲ್ಲಿ ಶ್ರೀನಗರದಿಂದ ಲೇಹಕ್ಕೆ ಹೋಗುವ ಜೋಜಿಲಾ ಕಣಿವೆ ವೈರಿಯ ವಶದಲ್ಲಿತ್ತು. ಎತ್ತರ ಸುಮಾರು 11,500 ಅಡಿ. ಸೆಪ್ಟೆಂಬರಿನಲ್ಲಿ ನಮ್ಮ ಪದಾತಿಗಳು ಮಾಡಿದ ದಾಳಿ ಫಲಿಸಲಿಲ್ಲ. ಪಶ್ಚಿಮ ವಿಭಾಗದ ಸೇನಾಧಿಪತಿಗಳು ಕೊಡಗಿನ ಕಾರ್ಯಪ್ಪನವರು. ಆ ರಂಗದ ಡಿವಿಜನ್ನಿನ ನಾಯಕರು ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯನವರು. ಹಿಮದ ಕಣಿವೆಗೆ ಟ್ಯಾಂಕು ಏರಿಸಬೇಕೆಂಬುದು ಆ ಕಾಲಕ್ಕೆ ಕೇವಲ ಕಥೆಯಲ್ಲಿ ಸಲ್ಲುವ ಮಾತಾಗಿತ್ತು. ಆದರೆ ತಿಮ್ಮಯ್ಯನವರು ಆ ಮಾತನ್ನು ಕಾಗದದ ಮೇಲೆ ಲೆಕ್ಕಹಾಕಿ ಕಾರ್ಯಕ್ಕೆ ಇಳಿಸಿದರು.

ಏಳನೆಯ ಅಶ್ವದಳದ ಸ್ಟೂಅರ್ಟ್ ಟ್ಯಾಂಕುಗಳನ್ನು ಆರಿಸಿದರು. ಅವುಗಳ ತೂಕ ಸುಮಾರು 15 ಟನ್ ಮಾತ್ರ, ಒಳಗೆ ನಾಲ್ಕು ಜನ. ವೈರಿಗೆ ಸುಳಿವು ಸಿಗದಂತೆ ಮೇಲಿನ ಗೋಪುರಗಳನ್ನು ಕಳಚಿ, ಟ್ಯಾಂಕೆಂದು ತಿಳಿಯದ ಹಾಗೆ ಸಾಗಿಸಿದರು. ಬಾಲ್ಟಾಲಿನಿಂದ ಕಣಿವೆಯವರೆಗಿನ ಹೇಸರಗತ್ತೆಯ ಹಾದಿಯನ್ನು ಮದ್ರಾಸ್ ಸ್ಯಾಪರ್ಸ್ ದಳದವರು ಟ್ಯಾಂಕು ಹಾಯುವಷ್ಟು ಅಗಲಗೊಳಿಸಿದರು. ಈ ದಳದ ಕೇಂದ್ರವಿರುವುದು ನಮ್ಮ ಬೆಂಗಳೂರಿನಲ್ಲಿ. 1948ರ ನವೆಂಬರ್ 1ರಂದು ಮಂಜಿನ ನಡುವೆ ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ತಿಮ್ಮಯ್ಯನವರು ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿ ಕುಳಿತಿದ್ದರೆಂದು ಹೇಳುತ್ತಾರೆ. ಆ ಎತ್ತರದಲ್ಲಿ ಟ್ಯಾಂಕು ಬಂದೀತೆಂದು ವೈರಿ ಕನಸಿನಲ್ಲಿಯೂ ಎಣಿಸಿರಲಿಲ್ಲ. ಜೋಜಿಲಾ ಅಂದೇ ಕೈಸೇರಿತು. ಅದೇ ತಿಂಗಳಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಕೈಸೇರಿ ಲೇಹದ ದಾರಿ ತೆರೆಯಿತು. ನವೆಂಬರ್ 1 ಮುಂದೆ 1956ರಿಂದ ನಮ್ಮ ರಾಜ್ಯೋದಯದ ದಿನವಾಯಿತೆಂಬುದು ಕಾಕತಾಳೀಯವೇ ಸರಿ. ಆದರೆ ಆ ದಿನ ಕನ್ನಡದ ಮನೆಗಳಲ್ಲಿ ಜೋಜಿಲಾದ ಮಾತನ್ನೂ ಆಡಿದರೆ ಲೋಪವೇನೂ ಇಲ್ಲ.

ಹಗುರ ಟ್ಯಾಂಕಿನ ಅವಶ್ಯಕತೆ ಅಂದಿಗೇ ಮುಗಿಯಲಿಲ್ಲ. 1962ರ ಅಕ್ಟೋಬರಿನಲ್ಲಿ ಲಡಾಖದ ಚುಶೂಲಿಗೆ ಎ.ಎಂ.ಎಕ್ಸ್.-13 ಎಂಬ ಹಗುರ ಟ್ಯಾಂಕುಗಳನ್ನು ವಿಮಾನದಲ್ಲಿ ಇಳಿಸಬೇಕಾಯಿತು. 2020ರಲ್ಲಿ ಅದೇ ಲಡಾಖದ ಎತ್ತರಗಳಿಗೆ ನಲವತ್ತು ಟನ್ನಿಗೂ ಮೇಲ್ಪಟ್ಟ ಭಾರದ ಟ್ಯಾಂಕುಗಳನ್ನು ಏರಿಸಿದಾಗ ಹಗುರ ಟ್ಯಾಂಕಿನ ಕೊರತೆ ಮತ್ತೆ ಕಂಡಿತು. ಅದರ ಫಲವಾಗಿ ರಕ್ಷಣಾ ಸಂಶೋಧನಾ ಸಂಸ್ಥೆಯೂ ಲಾರ್ಸನ್ ಅಂಡ್ ಟೂಬ್ರೋ ಕಂಪನಿಯೂ ಕೂಡಿ ನಿರ್ಮಿಸಿದ 'ಜೋರಾವರ್' 2024ರ ಜುಲೈಯಲ್ಲಿ ಗುಜರಾತಿನ ಹಜೀರಾದಲ್ಲಿ ಹೊರಬಂದಿತು. ತೂಕ 25 ಟನ್. ಅದೇ ವರ್ಷದ ಡಿಸೆಂಬರಿನಲ್ಲಿ 4,200 ಮೀಟರಿಗಿಂತ ಎತ್ತರದಲ್ಲಿ ಅದರ ತೋಪನ್ನು ಹಾರಿಸಿ ಪರೀಕ್ಷಿಸಿದರು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರುವತ್ತು ಪ್ರತಿಶತಕ್ಕೆ ಇಳಿಯುತ್ತದೆ. ಮನುಷ್ಯನಂತೆ ಎಂಜಿನ್ನೂ ಏದುಸಿರು ಬಿಡುತ್ತದೆ. ಹಗುರವಾಗಿರಬೇಕೆಂಬುದರ ಗುಟ್ಟು ಇಲ್ಲಿದೆ.

ಈಗ ಆ ಬಾಲಕನ ಚಿತ್ರಕ್ಕೆ ಬರೋಣ. ಕಲ್ಪನೆ ಕಾಲಹರಣವಾಗುವುದೂ ವಿದ್ಯೆಯಾಗುವುದೂ ಹಿರಿಯರು ಕೇಳುವ ಪ್ರಶ್ನೆಗಳನ್ನು ಅವಲಂಬಿಸಿದೆ. "ಇದೆಂಥ ಹುಚ್ಚು!" ಎಂದರೆ ವಹಿ ಮುಚ್ಚುತ್ತದೆ. "ನಿನ್ನ ಟ್ಯಾಂಕಿನ ತೂಕವೆಷ್ಟು?" ಎಂದರೆ ವಹಿ ತೆರೆಯುತ್ತದೆ. ನಾವು ಮೂರು ಪ್ರಶ್ನೆಗಳನ್ನು ಸೂಚಿಸುತ್ತೇವೆ.

ಮೊದಲನೆಯದು: ನಿನ್ನ ಟ್ಯಾಂಕು ನೆಲದಲ್ಲಿ ಹೂಳದೆ ಹೋಗುವುದು ಹೇಗೆ? ಮಳೆಗಾಲದಲ್ಲಿ ಪಂಚಗಂಗೆಯ ದಂಡೆಯ ಕಬ್ಬಿನ ಹೊಲದಲ್ಲಿ ಟ್ರಾಕ್ಟರು ಹೂತು ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ಹದಿನೈದು ಟನ್ನಿನ ಟ್ಯಾಂಕು ಹೂಳುವುದಿಲ್ಲವೇಕೆ? ಲೆಕ್ಕ ಮಾಡೋಣ. ಎರಡು ಸರಪಳಿ ಪಟ್ಟಿಗಳು ತಲಾ 350 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ ನೆಲಕ್ಕೆ ತಾಗಿವೆಯೆಂದು ಭಾವಿಸಿದರೆ ಒಟ್ಟು ಕ್ಷೇತ್ರ 28,000 ಚದರ ಸೆಂಟಿಮೀಟರ್. 15,000 ಕಿಲೋಗ್ರಾಂ ಭಾರವನ್ನು ಅದರಿಂದ ಭಾಗಿಸಿದರೆ ಒಂದು ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಂಗಿಂತ ತುಸು ಹೆಚ್ಚು. ಇನ್ನು 400 ಕಿಲೋಗ್ರಾಂ ತೂಕದ ಎತ್ತು ನಾಲ್ಕು ಗೊರಸುಗಳ ಮೇಲೆ ನಿಂತಿದೆ. ಒಂದೊಂದು ಗೊರಸು 80 ಚದರ ಸೆಂಟಿಮೀಟರೆಂದರೆ ಒಟ್ಟು 320. ಭಾಗಿಸಿದರೆ ಒಂದೂಕಾಲು ಕಿಲೋಗ್ರಾಂ. ಅಂದರೆ ಕೆಸರಿಗೆ ಎತ್ತಿನ ಗೊರಸು ಟ್ಯಾಂಕಿಗಿಂತ ಭಾರ! ಒತ್ತಡವೆಂದರೆ ಭಾರವಲ್ಲ, ಭಾರವನ್ನು ಕ್ಷೇತ್ರದಿಂದ ಭಾಗಿಸಿದುದು ಎಂಬ ಸೂತ್ರವನ್ನು ಈ ಬಾಲಕನು ಇನ್ನು ಜನ್ಮದಲ್ಲಿ ಮರೆಯಲಾರನು.

ಎರಡನೆಯದು: ನಿನ್ನ ಗ್ರಹದಲ್ಲಿ ಗಾಳಿಯುಂಟೇ? ಇಲ್ಲವಾದರೆ ಡೀಸೆಲ್ ಉರಿಯುವುದು ಹೇಗೆ? ಅಲ್ಲಿಯ ಗುರುತ್ವ ಎಷ್ಟು? ಚಂದ್ರನ ಮೇಲಾದರೆ ತೂಕ ಇಲ್ಲಿಯ ಆರನೆಯ ಒಂದು ಭಾಗ ಮಾತ್ರ. ಈ ಪ್ರಶ್ನೆಗೆ ಉತ್ತರ ಹುಡುಕುವ ಮಗುವಿಗೆ ನಮ್ಮ ದೇಶದ ನಿಜವಾದ ಬೇಹಿನ ರಥವನ್ನು ತೋರಿಸಬಹುದು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಭಾಗದಲ್ಲಿ ಇಳಿದಾಗ ಅದರೊಳಗಿಂದ ಆರು ಗಾಲಿಗಳ 'ಪ್ರಜ್ಞಾನ' ಹೊರಬಂದಿತು. ತೂಕ 26 ಕಿಲೋಗ್ರಾಂ, ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್, ಆಹಾರ ಬಿಸಿಲು. ತೋಪಿಲ್ಲ, ಕವಚವಿಲ್ಲ, ಒಳಗೆ ಮನುಷ್ಯನಿಲ್ಲ. ನೂರು ಮೀಟರಿನಷ್ಟು ಸಾಗಿ, ಆ ನೆಲದಲ್ಲಿ ಗಂಧಕವಿದೆಯೆಂಬ ವಾರ್ತೆಯನ್ನು ಕಳುಹಿತು. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿಯೊಂದು ಕಂಡಿತು. ಬೆಂಗಳೂರಿನ ವಿಜ್ಞಾನಿಗಳು ಅದನ್ನು ಬಂದ ದಾರಿಯಲ್ಲಿ ತಿರುಗಿಸಿ ಬೇರೆ ದಾರಿ ಹಿಡಿಸಿದರು. ಕುಳಿ ಕಂಡಾಗ ತಿರುಗುವುದು ಹೇಡಿತನವಲ್ಲವೆಂಬುದಕ್ಕೆ ಇದಕ್ಕಿಂತ ಚೊಕ್ಕ ಪಾಠ ಬೇಕೇ?

ಮೂರನೆಯ ಪ್ರಶ್ನೆ ತಾಯಿಯ ಎರಡನೆಯ ಸಂದೇಹಕ್ಕೆ ಸೇರಿದುದು: ನಿನ್ನ ಟ್ಯಾಂಕಿನ ಮುಂದೆ ಯಾರಿದ್ದಾರೆ? ಮಕ್ಕಳ ಚಿತ್ರಗಳಲ್ಲಿ ವೈರಿಗೆ ಮುಖವಿರುವುದಿಲ್ಲ. ಒಂದು ಚುಕ್ಕೆ, ಒಂದು ಬಾಂಬಿನ ಹೊಗೆ, ಅಷ್ಟೇ. ಆದರೆ ಬೇಹಿನ ಕಣ್ಣು ಚುಕ್ಕೆಯನ್ನಲ್ಲ, ಮನುಷ್ಯನನ್ನು ಕಾಣಬೇಕು. ಗುಡ್ಡದ ಆಚೆ ಕಂಡ ಹೊಗೆ ವೈರಿಯ ಒಲೆಯದೋ, ದನಗಾಹಿಯ ಒಲೆಯದೋ? ಸರಿಯಾಗಿ ನೋಡಿ ಬಂದ ಒಂದು ವಾರ್ತೆ ಒಂದು ಊರನ್ನು ಉಳಿಸೀತು. ಆತುರದ ವಾರ್ತೆ ಅದನ್ನು ಅಳಿಸೀತು. ಅಮೆರಿಕದ ಕೀತ್ ಲಾಮರ್ ಎಂಬ ಲೇಖಕನು 1960ರಿಂದ ತಾನೇ ಯೋಚಿಸುವ 'ಬೋಲೋ' ಟ್ಯಾಂಕುಗಳ ಕಥೆಗಳನ್ನು ಬರೆದನು. ಅವು ಅಂದಿಗೆ ಕಥೆ. ಇಂದು ಚಾಲಕನಿಲ್ಲದ ಯಂತ್ರಗಳು ಆಕಾಶದಿಂದ ಬೇಹು ನೋಡುತ್ತಿವೆ, ಹೊಡೆಯುತ್ತಲೂ ಇವೆ. ನೋಡುವ ಯಂತ್ರವೇ ನಿರ್ಣಯಿಸುವ ಯಂತ್ರವೂ ಆಗಬೇಕೇ ಎಂಬ ಪ್ರಶ್ನೆಗೆ ನಾಳೆ ಉತ್ತರ ಕೊಡಬೇಕಾದವರು ಇಂದು ವಹಿಯ ಕೊನೆಯ ಪುಟದಲ್ಲಿ ಚಿತ್ರ ಬರೆಯುತ್ತಿರುವವರೇ. ಅವರ ಪೆನ್ಸಿಲನ್ನು ಕಸಿದುಕೊಂಡರೆ ಆ ಪ್ರಶ್ನೆ ಇಲ್ಲವಾಗುವುದಿಲ್ಲ. ಅದಕ್ಕೆ ಉತ್ತರಿಸುವವರು ಇಲ್ಲವಾಗುತ್ತಾರೆ.

ಯುದ್ಧಯಂತ್ರವನ್ನು ಕಲ್ಪಿಸುವವನು ಯುದ್ಧಪ್ರಿಯನೇ ಆಗಬೇಕೆಂಬ ನಿಯಮವೂ ಇಲ್ಲ. ಟ್ಯಾಂಕನ್ನು ಮೊದಲು ಕಥೆಯಾಗಿಸಿದ ಅದೇ ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಆಟವನ್ನು ಕುರಿತು 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಬರೆದನು. ನೆಲದ ಮೇಲೆ ಆಡುವ ಚಿಕ್ಕ ಯುದ್ಧವೇ ಲೇಸು, ದೊಡ್ಡ ಯುದ್ಧ ಮಹಾ ಮೂರ್ಖತನವೆಂಬುದು ಅದರ ಸಾರ. ನಮ್ಮ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಬಳಿಕ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದು, 1965ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. ಹಿಮದ ಕಣಿವೆಗೆ ಟ್ಯಾಂಕು ಏರಿಸಿದ ಕೈ ಎರಡು ಜನಾಂಗಗಳ ನಡುವೆ ಶಾಂತಿ ಕಾಯುತ್ತ ವಿಶ್ರಮಿಸಿತು.

ಇನ್ನು ವೈಜ್ಞಾನಿಕ ಕಥೆಯೆಂದರೆ ದೂರ ದೇಶದವರ ಸೊತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಜಗತ್ಪ್ರಸಿದ್ಧ ಖಗೋಳ ವಿಜ್ಞಾನಿ ಜಯಂತ ನಾರಳೀಕರರು 1938ರಲ್ಲಿ ಹುಟ್ಟಿದ್ದು ನಮ್ಮ ಕೊಲ್ಲಾಪುರದಲ್ಲಿಯೇ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಅವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದಾಗಿಸಿ, ನಾರಾಯಣ ವಿನಾಯಕ ಜಗತಾಪ ಎಂಬ ಕಲ್ಪಿತ ಹೆಸರಿನಲ್ಲಿ ಕಥೆ ಕಳುಹಿದರು. ತಮ್ಮ ಕೀರ್ತಿಗೆ ಬಹುಮಾನ ಬರಬಾರದು, ಕಥೆಗೆ ಬರಬೇಕೆಂಬುದು ಅವರ ಸಂಕಲ್ಪ. ಮೊದಲ ಬಹುಮಾನ ಆ ಕಥೆಗೇ ಬಂದಿತು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಕೇಂಬ್ರಿಜ್ಜಿನಲ್ಲಿ ವಿಶ್ವದ ಉಗಮವನ್ನು ಗಣಿತದಿಂದ ಶೋಧಿಸಿದವರು ಕಥೆ ಹೇಳಲು ಮಾತೃಭಾಷೆಗೆ ಮರಳಿದರೆಂಬುದನ್ನು ನಾವು ಗಮನಿಸಬೇಕು. ಕನ್ನಡದಲ್ಲಿಯೂ ರಾಜಶೇಖರ ಭೂಸನೂರಮಠರಂಥವರು ಈ ಹಾದಿಯಲ್ಲಿ ನಡೆದಿದ್ದಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ ಎರಡು ಕಪಾಟುಗಳ ಕಥೆಗಳು ದೊರೆಯುತ್ತವೆ; ಇದು ಗಡಿಯವರ ಭಾಗ್ಯ. ಆದರೆ ಬರೆಯುವ ಕಲ್ಪನೆಗೆ ಕನ್ನಡದ ಪದಗಳು ಕೈಗೆ ಬರಬೇಕಾದರೆ ಮನೆಯವರು ಅದನ್ನು ಕೇಳಬೇಕು. ರಾತ್ರಿ ಊಟವಾದ ಮೇಲೆ "ನಿನ್ನ ಟ್ಯಾಂಕಿನ ಕಥೆ ಹೇಳಪ್ಪಾ, ನಿನ್ನ ಅಜ್ಜಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳು" ಎಂದು ಹತ್ತು ನಿಮಿಷ ಕೊಟ್ಟರೆ ಸಾಕು. ಮಗನು ಹೊರಟ ದಿನ ಊಟ ಬಿಡುವ ಅಜ್ಜಿಗೆ ತಿಳಿಯುವಂತೆ ಹೇಳಬೇಕಾದಾಗ, ಟ್ಯಾಂಕಿನ ಒಳಗೆ ಕುಳಿತವನೂ ಒಬ್ಬ ತಾಯಿಯ ಮಗನೆಂಬ ಮಾತು ಕಥೆಯೊಳಗೆ ತಾನಾಗಿ ಬರುತ್ತದೆ. ಎದುರಿಗಿರುವವನೂ ಹಾಗೆಯೇ ಎಂಬ ಮಾತು ಅದರ ಹಿಂದೆ ಬರಲು ಬಹಳ ದಿನ ಬೇಕಾಗದು.

ಕಡೆಯಲ್ಲಿ, ಕೈಗೊಂದು ಕೆಲಸ. ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಖಾಲಿ ದಾರದ ರೀಲಿಗೆ ಬರವಿಲ್ಲ. ಕಟ್ಟಿಗೆಯ ರೀಲು ಸಿಕ್ಕರೆ ಉತ್ತಮ, ಪ್ಲಾಸ್ಟಿಕ್ಕಿನದೂ ನಡೆದೀತು. ಅದರ ತೂತಿನಲ್ಲಿ ಒಂದು ರಬ್ಬರ್ ಬ್ಯಾಂಡನ್ನು ತೂರಿಸಿ. ಒಂದು ಬದಿಯ ಕುಣಿಕೆಯಲ್ಲಿ ಅರ್ಧ ಕಡ್ಡಿಯ ತುಂಡನ್ನು ಸಿಕ್ಕಿಸಿ, ಅದು ತಿರುಗದಂತೆ ರೀಲಿಗೆ ಅಂಟಿಸಿ. ಇನ್ನೊಂದು ಬದಿಯಲ್ಲಿ ನಡುವೆ ತೂತು ಮಾಡಿದ ಮೇಣಬತ್ತಿಯ ಬಿಲ್ಲೆಯನ್ನು ಇಟ್ಟು, ಅದರ ಮೂಲಕ ಕುಣಿಕೆಯನ್ನು ಹೊರಗೆಳೆದು, ಉದ್ದನೆಯ ಕಡ್ಡಿಯೊಂದನ್ನು ಸಿಕ್ಕಿಸಿ. ಉದ್ದ ಕಡ್ಡಿಯನ್ನು ಮೂವತ್ತು ಸುತ್ತು ತಿರುವಿ ನೆಲದ ಮೇಲೆ ಬಿಡಿ. ಕಡ್ಡಿಯ ತುದಿ ನೆಲಕ್ಕೆ ಒರಗಿ ತಿರುಗಲಾರದುದರಿಂದ ರೀಲೇ ತಿರುಗುತ್ತದೆ; ಟ್ಯಾಂಕು ಮೆಲ್ಲನೆ ಹೊರಡುತ್ತದೆ. ಮೇಣ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ರೀಲಿನ ಎರಡೂ ಅಂಚುಗಳಿಗೆ ಚಾಕುವಿನಿಂದ ಹಲ್ಲು ಕೊರೆದರೆ (ಈ ಕೆಲಸ ಹಿರಿಯರದು) ಅದು ಓರೆಯಾಗಿಟ್ಟ ಪುಸ್ತಕವನ್ನು ಸಹ ಏರುತ್ತದೆ. ಎಷ್ಟು ಸುತ್ತಿಗೆ ಎಷ್ಟು ದೂರ, ಎಷ್ಟು ಏರಿಗೆ ಎಷ್ಟು ವೇಗ, ಉಸುಕಿನ ಮೇಲೆ ಏನಾಗುತ್ತದೆ, ಇವನ್ನೆಲ್ಲ ಅಳೆದು ಬರೆಯಲಿ. ಅದನ್ನು ಬರೆಯಬೇಕಾದುದು ವಹಿಯ ಮೊದಲ ಪುಟದಲ್ಲಿ.

ಅಳತೆಗಳನ್ನು ನಮಗೆ ಕಳುಹಿದ ಮಕ್ಕಳ ಹೆಸರುಗಳನ್ನು ಮುಂದಿನ ತಿಂಗಳ ಅಂಕಣದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.